ಟ್ಯೂಬಾ ಕೇಳಿಸದ ಸ್ಪೀಕರು

ಊಟದ ಮೇಜನ್ನು ಅಡುಗೆಮನೆಗೆ ದೂಡಿದ ದಿನವೇ ರಫೂ ಅಮ್ಮನಿಗೆ ಗೊತ್ತಾಗಿಹೋಗಿತ್ತು, ಈ ಹುಚ್ಚು ಬೇಗ ಬಿಡುವಂಥದ್ದಲ್ಲ ಎಂದು. ನಡುಮನೆಯಲ್ಲಿ ಮೇಜು ಇದ್ದ ಜಾಗದಲ್ಲಿ ಈಗ ಎದೆಮಟ್ಟದ ಎರಡು ಸ್ಪೀಕರು ಪೆಟ್ಟಿಗೆಗಳು ನಿಂತಿದ್ದವು, ಬಂದು ವಾಪಸು ಹೋಗುವುದನ್ನು ಮರೆತ ನೆಂಟರ ಹಾಗೆ. ಮನೆಯ ನಾಲ್ಕೂ ಜನ ಒಲೆಯ ಪಕ್ಕದಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣುತ್ತಿದ್ದರು.

"ಉಪ್ಪು ಕೊಡಿ ಅಂದ್ರೆ ಇಲ್ಲಿ ಇಬ್ರು ಎದ್ದು ನಿಲ್ಲಬೇಕು," ಎಂದಳು ಸೊಸೆ. "ಫ್ರಿಜ್ ರಿಪೇರಿಯವರ ಮನೇಲಿ ಫ್ರಿಜ್ಜಿನ ಬಾಗಿಲಿಗೆ ಹಗ್ಗ ಕಟ್ಟಿದೆ. ಸ್ಪೀಕರಿಗೆ ಮಾತ್ರ ಬರ ಇಲ್ಲ. ಮೂಗಿಗಿಂತ ಮೂಗುತಿ ಭಾರ."

"ಅಪ್ಪನ ದುಡ್ಡು, ಅಪ್ಪನ ಇಷ್ಟ," ಎಂದ ಫ್ರಿಜ್ ರಿಪೇರಿ ಮಾಡುವ ಮಗ, ತಟ್ಟೆಯಿಂದ ತಲೆ ಎತ್ತದೆ.

"ನಾನು ದುಡ್ಡಿನ ಮಾತು ಆಡಿದ್ನಾ? ಜಾಗದ ಮಾತು ಆಡ್ತಿದ್ದೀನಿ."

"ಇನ್ನೊಂದು ವಾರ," ಎಂದ ಅವಳ ಗಂಡ, ಬೀದಿಯವರ ಬಾಯಲ್ಲಿ ಟ್ಯೂಬಾ ತಾತ. "ಬೇಸ್, ಆ ಕೆಳಗಿನ ದನಿ, ಸರಿಯಾಗಿ ಬರ್ಲಿ. ಆಮೇಲೆ ನೀವು ಎಲ್ಲಿ ಬೇಕಾದ್ರೂ ಕೂತು ಉಣ್ಣಿ."

ರಫೂ ಅಮ್ಮ ಬೇಯಿಸಿದ ಆಲೂಗಡ್ಡೆಯನ್ನು ಗಂಡನ ತಟ್ಟೆಗೆ ಹಾಕಿದಳು. ಇನ್ನೊಂದು ವಾರ ಎಂಬ ಮಾತು ಹಳಸಿಹೋಗಿತ್ತು. ಆದರೆ ಬೇರೆಯವರಿಗೆ ಅದು ಊಟದ ಮೇಜಿನ ವಿಷಯ, ಅವಳಿಗೆ ಒಡಹುಟ್ಟಿದವನ ವಿಷಯ. ಅದೇ ಊರಿನ ಇನ್ನೊಂದು ತುದಿಯಲ್ಲಿ ಅವಳ ತಮ್ಮ ಹಾಸಿಗೆ ಹಿಡಿದು ಮಲಗಿದ್ದ. ಅವನನ್ನು ಕಣ್ಣಾರೆ ನೋಡಬೇಕೆಂದರೆ ಮೊದಲು ಈ ಎರಡು ಪೆಟ್ಟಿಗೆಗಳಿಗೆ ಗಂಟಲು ಬರಬೇಕಿತ್ತು.

ಇದೆಂಥ ನಂಟು ಅನ್ನಿಸಬಹುದು. ಹೇಳುತ್ತೇನೆ.

ಅವಳ ಗಂಡ ಅಗ್ನಿಶಾಮಕ ದಳದಲ್ಲಿದ್ದವನು. ಬೆಂಕಿ ಆರಿಸಿದ್ದಕ್ಕಿಂತ ಹೆಚ್ಚಾಗಿ ದಳದ ಬ್ಯಾಂಡಿನಲ್ಲಿ ಟ್ಯೂಬಾ ಊದಿದವನು. ಟ್ಯೂಬಾ ಎಂದರೆ ಮಡಿಲಲ್ಲಿ ಮಗುವಿನಂತೆ ಕೂರಿಸಿಕೊಂಡು ಊದುವ ಆ ಭಾರೀ ಹಿತ್ತಾಳೆ ವಾದ್ಯ. ಅದರ ದನಿ ಎಲ್ಲಕ್ಕಿಂತ ಕೆಳಗಿನದು. ಇದ್ದರೆ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಇಡೀ ಬ್ಯಾಂಡು ಬುಡವಿಲ್ಲದ ಚೊಂಬಿನಂತೆ ಅಲ್ಲಾಡುತ್ತದೆ. ಅದೇ ಬ್ಯಾಂಡಿಗೆ ಅವನು ತನ್ನ ಹೆಂಡತಿಯ ತಮ್ಮನನ್ನೂ ಸೇರಿಸಿದ್ದ. ಹುಡುಗನ ಕೈ ಚುರುಕು, ಎರಡು ಕೋಲು ಹಿಡಿದು ಸಣ್ಣ ಡ್ರಮ್ಮು ಬಾರಿಸುತ್ತಿದ್ದ. ಕೆಲಸ ಮುಗಿದರೆ ಭಾವ, ಭಾವಮೈದ ಇಬ್ಬರೂ ಒಟ್ಟಿಗೇ ಮನೆಗೆ ಬಂದು ಉಣ್ಣುತ್ತಿದ್ದರು, ಒಬ್ಬರ ತಟ್ಟೆಯಿಂದ ಒಬ್ಬರು ಕದಿಯುತ್ತಿದ್ದರು.

ಮಗ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ರೇಡಿಯೊದವರು ಬಂದು ಬ್ಯಾಂಡಿನ ಒಂದು ವಾದನವನ್ನು ಧ್ವನಿಮುದ್ರಣ ಮಾಡಿಕೊಂಡರು. ಅದರ ಕೊನೆಯ ಭಾಗದಲ್ಲಿ ಎಲ್ಲ ವಾದ್ಯಗಳೂ ಗಪ್ಪೆಂದು ನಿಲ್ಲಬೇಕು, ಒಂದು ಕ್ಷಣದ ಮೌನ, ಆಮೇಲೆ ಟ್ಯೂಬಾ ಒಂಟಿಯಾಗಿ ಬರಬೇಕು, ಅದರ ಬೆನ್ನಿಗೆ ಡ್ರಮ್ಮು, ಆಮೇಲೆ ಎಲ್ಲರೂ. ಆ ದಿನ ಅಲ್ಲೇ ಎಡವಟ್ಟಾಯಿತು. ಡ್ರಮ್ಮು ತಾಳ ಮೀರಿ ಓಡಿತು, ತುತ್ತೂರಿಗಳು ದಿಕ್ಕೆಟ್ಟವು, ಬ್ಯಾಂಡ್ ಮಾಸ್ಟರು ಕೋಲು ಕೆಳಗಿಟ್ಟರು. ರೇಡಿಯೊದವರಿಗೆ ಮತ್ತೆ ಬರಲು ಪುರಸೊತ್ತಿರಲಿಲ್ಲ.

"ಯಾರದ್ದಿದು ತಪ್ಪು?" ಎಂದು ಮಾಸ್ಟರು ಕೇಳಿದಾಗ ಟ್ಯೂಬಾ ಊದುವವನು, "ಡ್ರಮ್ಮು ಓಡ್ತು ಸಾರ್," ಎಂದ. ಆ ಒಂದು ಮಾತಿಗೆ ಹುಡುಗನನ್ನು ಬ್ಯಾಂಡಿನಿಂದ ತೆಗೆದು ನೀರಿನ ಪೈಪು ಹಿಡಿಯುವವರ ಮುಂದಿನ ಸಾಲಿಗೆ ಹಾಕಿದರು.

ಅವತ್ತು ಸಂಜೆ ಊಟಕ್ಕೆ ಕೂತಾಗ ತಮ್ಮ ತಣ್ಣಗೆ ಹೇಳಿದ: "ಭಾವ, ನೀವು ತಾಳದ ಒಂದು ಏಟು ಮುಂಚೆ ಬಂದ್ರಿ. ನಿಮ್ಮನ್ನ ಹಿಡಿಯೋಕೆ ನಾನು ಓಡಿದೆ."

"ನನ್ನ ಮನೆ ಅನ್ನ ತಿಂದ್ಕೊಂಡು ನನಗೇ ತಾಳ ಹೇಳ್ಕೊಡ್ತೀಯಾ?"

ತಮ್ಮ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ. "ಅವನು ತಪ್ಪೊಪ್ಪಿಕೊಳ್ಳೋವರೆಗೂ ಈ ಮನೆಯಿಂದ ಯಾರೂ ಅವನ ಹೊಸಿಲು ತುಳಿಯೋ ಹಾಗಿಲ್ಲ," ಎಂದು ಗಂಡ ಹೇಳಿದ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಾದ ಮೇಲೆ ಬರುತ್ತದೆಯೇ? ಬರಲಿಲ್ಲ. ತಮ್ಮನ ಮದುವೆಗೆ ಅವಳು ಹೋಗಲಿಲ್ಲ. ಅವನಿಗೆ ಮಗಳು ಹುಟ್ಟಿದಾಗ ಹೋಗಲಿಲ್ಲ. ಅವನ ಹೆಂಡತಿ ತೀರಿಕೊಂಡಾಗ ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿ, ಮತ್ತೆ ಬಿಚ್ಚಿಟ್ಟಳು. ಬೀದಿಯವರ ಹುಳ ತಿಂದ ಶಾಲು, ಕಿಡಿ ಬಿದ್ದ ಕೋಟುಗಳನ್ನು ತೂತು ಗೊತ್ತಾಗದ ಹಾಗೆ ನೇಯ್ದು ಕೊಟ್ಟು ರಫೂ ಅಮ್ಮ ಎಂದು ಹೆಸರು ಪಡೆದವಳಿಗೆ ತನ್ನ ತವರಿನ ವಿಷಯದಲ್ಲಿ ಸೂಜಿಗೆ ದಾರ ಪೋಣಿಸುವ ಧೈರ್ಯವೂ ಇರಲಿಲ್ಲ.

ಈಗ, ಇಷ್ಟು ಕಾಲದ ಮೇಲೆ, ಹಳೆಯ ಸಹೋದ್ಯೋಗಿಯೊಬ್ಬರು ದಳದ ಉಗ್ರಾಣದಲ್ಲಿ ಸಿಕ್ಕಿದ ಆ ಟೇಪನ್ನು ಶುದ್ಧ ಮಾಡಿಸಿ ಎಲ್ಲರ ಫೋನಿಗೂ ಕಳಿಸಿದ್ದರು. ಟ್ಯೂಬಾ ತಾತ ಫೋನನ್ನು ಕಿವಿಗೊತ್ತಿಕೊಂಡು ಕೇಳಿದ. ತುತ್ತೂರಿ ಕೇಳಿತು. ಡ್ರಮ್ಮು ಓಡಿದ್ದೂ ಸ್ಪಷ್ಟವಾಗಿ ಕೇಳಿತು. ಟ್ಯೂಬಾ ಇರಲೇ ಇಲ್ಲ.

"ನೋಡಿದ್ಯಾ, ಓಡಿದ್ದಾನೆ," ಎಂದು ಹೆಂಡತಿಯ ಕಡೆ ತಿರುಗಿದ. ಮರುಕ್ಷಣ ಮುಖ ಸಣ್ಣಗಾಯಿತು. "ಆದ್ರೆ ನಾನೆಲ್ಲಿ ಇದ್ರಲ್ಲಿ?"

"ಫೋನಿನ ಸ್ಪೀಕರು ಕಾಳಿನಷ್ಟಿರುತ್ತೆ ಅಪ್ಪ. ಅದ್ರಲ್ಲಿ ಬೇಸ್ ಎಲ್ಲಿಂದ ಬರುತ್ತೆ," ಎಂದ ಮಗ. "ಇಯರ್‌ಫೋನ್ ಹಾಕ್ಕೊಂಡು ಕೇಳಿ."

"ನನ್ನ ಎಡಗಿವಿ ಸೈರನ್ ಕೇಳಿ ಕೇಳಿ ಸತ್ತಿದೆ. ಅಲ್ದೆ ನನ್ನೊಬ್ಬನ ಕಿವೀಲಿ ಕೇಳಿದ್ರೆ ಅದು ಸಾಕ್ಷಿ ಆಗುತ್ತಾ? ಎಲ್ರಿಗೂ ಕೇಳಿಸ್ಬೇಕು. ನಾನು ಸರಿಯಾದ ಜಾಗಕ್ಕೆ ಬಂದಿದ್ದು ಅವನಿಗೂ ಕೇಳಿಸ್ಬೇಕು."

ಸರಿಯಾಗಿ ಅದೇ ವಾರ ತಮ್ಮನ ಮಗಳ ಫೋನು ಬಂತು. ಹುಟ್ಟಿದಾರಭ್ಯ ನೋಡದ ಹುಡುಗಿ, ಆದರೂ ಬಾಯಿ ತುಂಬ ಅತ್ತೆ ಎಂದಳು. "ಅತ್ತೆ, ಅಪ್ಪನ ಶ್ವಾಸಕೋಶ ಪೂರ್ತಿ ಹೋಗಿದೆ. ಅಷ್ಟು ವರ್ಷ ಬೆಂಕಿ ಆರಿಸುವಾಗ ಕುಡಿದ ಹೊಗೆ. ಡಾಕ್ಟ್ರು ಮನೇಲೇ ಇರ್ಲಿ ಅಂದುಬಿಟ್ರು. ನಿಮ್ಮನ್ನ ಕೇಳ್ತಿರ್ತಾರೆ."

ರಫೂ ಅಮ್ಮ ಫೋನು ಕೆಳಗಿಟ್ಟು ಗಂಡನ ಮುಂದೆ ನಿಂತಳು. ಅವಳ ಕಣ್ಣು ತುಂಬಿತ್ತು. ಅವನು ಕಿಟಕಿಯ ಕಡೆ ತಿರುಗಿದ.

"ಹೋಗೋಣ," ಎಂದ ಕೊನೆಗೆ. ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಇಬ್ರೂ ಹೋಗೋಣ. ಟೇಪು ತಗೊಂಡೇ ಹೋಗೋಣ. ಮೊದ್ಲು ನಾನು ಸರಿಯಾಗಿ ಕೇಳ್ಬಿಡ್ತೀನಿ. ಅವನು ಒಂದು ಮಾತು ಹೂಂ ಅಂದ್ರೆ ಸಾಕು, ನಾನು ಎಲ್ಲ ಮರೆತುಬಿಡ್ತೀನಿ."

ಹೀಗೆ ಶುರುವಾಯಿತು ಸ್ಪೀಕರಿನ ಬೇಟೆ. ಅಪ್ಪ ಮಗ ಇಬ್ಬರೂ ಅಂಗಡಿ ಅಂಗಡಿ ಸುತ್ತಿದರು. ಅಂಗಡಿಯವನು ದೊಡ್ಡ ಪೆಟ್ಟಿಗೆ, ಒಳಗೆ ಅದುರುವ ಅಗಲದ ತಟ್ಟೆ ಇದ್ದರೆ ಬೇಸ್ ಚೆನ್ನಾಗಿ ಬರುತ್ತದೆ, ಗೋಡೆಗೆ ಹತ್ತಿರವಿಟ್ಟರೆ ಇನ್ನೂ ತುಂಬುತ್ತದೆ ಎಂದು ಹೇಳಿ ತನ್ನದೊಂದು ಹಾಡು ಹಾಕಿ ನೆಲ ನಡುಗಿಸಿದ. "ನಿಮ್ಮದೇ ಏನಾದ್ರೂ ಇದ್ರೆ ಹಾಕಿ ನೋಡಿ," ಎಂದರೆ ಟ್ಯೂಬಾ ತಾತ ಒಪ್ಪಲಿಲ್ಲ. ತನ್ನ ಮರ್ಯಾದೆಯ ವಿಚಾರ ಬೀದಿಯ ಅಂಗಡಿಯಲ್ಲಿ ಕೇಳುವಂಥದ್ದಲ್ಲ, ಮನೆಯಲ್ಲೇ ಕೇಳಬೇಕು ಎಂದ.

ಪೆಟ್ಟಿಗೆಗಳು ಮನೆಗೆ ಬಂದವು. ತಂತಿ ಜೋಡಿಸಲು ಮಗ ಕೈ ಹಾಕಿದರೆ, "ಬೆಂಕಿ ಬಿದ್ದ ಮನೇಲಿ ಕರೆಂಟು ಕತ್ತರಿಸಿದವನು ನಾನು. ನೀನು ಹೋಗಿ ನಿನ್ನ ಫ್ರಿಜ್ಜು ನೋಡು," ಎಂದು ತಾತನೇ ಮಂಡಿಯೂರಿ ಕೂತು, ಕನ್ನಡಕ ಏರಿಸಿ ಇಳಿಸಿ, ತಂತಿ ಸಿಕ್ಕಿಸಿದ. ಫೋನನ್ನು ದನಿ ಹೆಚ್ಚಿಸುವ ಆಂಪ್ಲಿಫಯರಿಗೆ ಜೋಡಿಸಿ ಹಚ್ಚಿದರು. ತುತ್ತೂರಿಗಳು ಝಗ್ಗನೆ ಎದ್ದವು, ಡ್ರಮ್ಮು ಟಪಟಪನೆ ಕುಣಿಯಿತು. ಟ್ಯೂಬಾ ಎಲ್ಲೋ ಪಕ್ಕದ ಬೀದಿಯಲ್ಲಿ ಯಾರೋ ಗೊಣಗಿದ ಹಾಗೆ ಬಂದು ಹೋಯಿತು.

"ಅಂಗಡೀಲಿ ನೆಲ ನಡುಗ್ತಿತ್ತಲ್ಲೋ. ಇಲ್ಲೇನಾಯ್ತು ಇದಕ್ಕೆ?"

"ಕೋಣೆಯ ದೋಷ ಇರಬೇಕು ಅಪ್ಪ. ಅಂಗಡಿಯವನು ಹೇಳಿರ್ಲಿಲ್ವಾ, ಒಂದೊಂದು ಕೋಣೆ ಬೇಸನ್ನ ನುಂಗಿಬಿಡುತ್ತೆ ಅಂತ."

ಅಲ್ಲಿಂದ ಮನೆಯ ಸಾಮಾನುಗಳಿಗೆ ಕಾಲು ಬಂತು. ಸ್ಪೀಕರುಗಳು ಮೂಲೆಗೆ ಹೋದವು, ಮೂಲೆಯಿಂದ ಕಿಟಕಿಯ ಕೆಳಗೆ ಬಂದವು. ಮೇಜು ಅಡುಗೆಮನೆ ಸೇರಿತು. ಬೀರು ಮಗ ಸೊಸೆಯ ಕೋಣೆಗೆ ನುಗ್ಗಿತು. ರಫೂ ಅಮ್ಮನ ಹೊಲಿಗೆಯ ಬುಟ್ಟಿ ಮೂರು ಕಡೆ ಅಲೆದು ಕೊನೆಗೆ ಬಚ್ಚಲ ಬಾಗಿಲಲ್ಲಿ ಕೂತಿತು. ಬೇಸಿಗೆಂದೇ ಇನ್ನೊಂದು ಚೌಕ ಪೆಟ್ಟಿಗೆ ತಂದರು. ಅದು ಪಕ್ಕದ ಮನೆಯ ಪಾತ್ರೆಗಳನ್ನು ಅದುರಿಸಿ ಬೈಸಿಕೊಂಡಿತೇ ಹೊರತು ಟ್ಯೂಬಾದ ಒಂದು ಸ್ವರವನ್ನೂ ಬಿಡಿಸಿ ಹೇಳಲಿಲ್ಲ. ಅದನ್ನು ವಾಪಸು ಹೊತ್ತುಕೊಂಡು ಹೋದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಸೊಸೆ ಬಟ್ಟೆ ಮಡಿಸುತ್ತ ಗೊಣಗಿದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕೂಗಿ ಕರೆಯುವ ಕೆಲಸ ಅವಳದು, ಗೊಣಗಿದರೂ ಪಕ್ಕದ ಕೋಣೆಗೆ ಕೇಳುತ್ತಿತ್ತು. ಆಮೇಲೆ ದನಿ ತಗ್ಗಿಸಿ ಅತ್ತೆಯ ಹತ್ತಿರ ಬಂದಳು. "ಅತ್ತೆ, ನೀವೊಬ್ರೇ ಹೋಗಿ ಬನ್ನಿ. ಒಂದೇ ಬಸ್ಸು. ಬೇಕಾದ್ರೆ ನಾನು ರಜಾ ಹಾಕಿ ಬರ್ತೀನಿ."

"ಇವರು ಬರ್ತೀನಿ ಅಂದಿದ್ದಾರಲ್ಲಮ್ಮ. ಇಷ್ಟು ವರ್ಷದ ಮೇಲೆ ಅವರ ಬಾಯಿಂದ ಆ ಮಾತು ಬಂದಿದೆ. ನಾನು ಒಬ್ಳೇ ಹೋದ್ರೆ ಆ ಮಾತೂ ಕೆಡುತ್ತೆ."

"ಮಾತು ಕೆಟ್ರೆ ಕೆಡ್ಲಿ. ಮನುಷ್ಯ ಕಾಯ್ತಾನಾ?"

"ಕಾಯ್ತಾನೆ," ಎಂದಳು ರಫೂ ಅಮ್ಮ. "ಅವನು ಚಿಕ್ಕವನಿದ್ದಾಗಿಂದ್ಲೂ ಹಾಗೇ. ನಾನು ಬರೋವರೆಗೂ ಊಟಕ್ಕೇ ಕೂರ್ತಿರ್ಲಿಲ್ಲ."

ಸೊಸೆ ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಒಂದು ಬೆಳಗ್ಗೆ ಗಂಡ ತರಕಾರಿಗೆ ಹೋಗಿದ್ದ, ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ತಾತ ಹೋಗುವಾಗ ಫೋನನ್ನು ಮನೆಯಲ್ಲೇ ಇಟ್ಟು ಟೇಪನ್ನು ಓಡಲು ಬಿಟ್ಟೇ ಹೋಗಿದ್ದ. ಸ್ಪೀಕರು ಹೊಸದಾದ್ದರಿಂದ ಪಳಗಬೇಕು ಎಂದು ಯಾರೋ ಹೇಳಿದ್ದರಂತೆ. ಅದು ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ರಫೂ ಅಮ್ಮ ಪೊರಕೆ ಹಿಡಿದು ಸ್ಪೀಕರಿನ ಹಿಂದಿನ ಕಸ ಎಳೆಯುವಾಗ ಕಡ್ಡಿಗೆ ತಂತಿ ಸಿಕ್ಕಿ ಕಿತ್ತು ಬಂತು. ಆ ಕಡೆಯ ಪೆಟ್ಟಿಗೆ ಬಾಯಿ ಮುಚ್ಚಿತು. ಅಯ್ಯೋ, ಇನ್ನು ಬೈಗುಳ ತಪ್ಪಿದ್ದಲ್ಲ ಎಂದು ಅವಳು ತಂತಿಯ ತುದಿ ಹುಡುಕುವಷ್ಟರಲ್ಲಿ ನೆಲದಿಂದ ಒಂದು ದನಿ ಎದ್ದಿತು.

ಅವಳು ಬಗ್ಗಿದವಳು ಹಾಗೇ ನಿಂತಳು. ಉಳಿದ ಒಂದೇ ಪೆಟ್ಟಿಗೆಯಿಂದ ಟ್ಯೂಬಾ ತುಂಬಿಕೊಂಡು ಬರುತ್ತಿತ್ತು. ಗಂಡನ ಉಸಿರು ಅದು, ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಈ ವಾದನವನ್ನು ಅವನು ತಿಂಗಳುಗಟ್ಟಲೆ ಇದೇ ಮನೆಯಲ್ಲಿ ಅಭ್ಯಾಸ ಮಾಡಿದ್ದ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸುತ್ತಿದ್ದುದು ಅದೇ ತಾಳಕ್ಕೆ. ಎಲ್ಲಿ ನಿಲ್ಲಬೇಕು, ಎಷ್ಟು ಸುಮ್ಮನಿರಬೇಕು, ಎಲ್ಲಿ ಬರಬೇಕು, ಅವಳ ಅಂಗೈಗೆ ಗೊತ್ತಿತ್ತು. ಎಲ್ಲ ವಾದ್ಯಗಳೂ ನಿಂತವು. ಅವಳ ಕೈ ಗಾಳಿಯಲ್ಲಿ ಎದ್ದಿತು. ಕೈ ಇಳಿಯುವ ಮೊದಲೇ ಟ್ಯೂಬಾ ಬಂದುಬಿಟ್ಟಿತು.

ಆಮೇಲೆ ಓಡಿತು ಡ್ರಮ್ಮು. ಬಿದ್ದ ಮಗುವನ್ನು ಎತ್ತಲು ಓಡಿದ ಹಾಗೆ, ಭಾವನ ತಪ್ಪನ್ನು ಮುಚ್ಚಲು ಓಡಿತ್ತು.

ಅವಳು ಎರಡನೆಯ ಸಲ ಕೇಳಿದಳು. ಪೊರಕೆ ಕೆಳಗಿಟ್ಟು ಮೂರನೆಯ ಸಲವೂ ಕೇಳಿದಳು. ಆಗಲೇ ಚಪ್ಪಲಿ ಮೆಟ್ಟಿ ಬಸ್ಸು ಹತ್ತಬಹುದಿತ್ತು. ಆದರೆ ಅವಳಿಗೆ ಕಣ್ಣ ಮುಂದೆ ಬಂದದ್ದು ತಮ್ಮನ ಮುಖವಲ್ಲ, ಗಂಡನದು. ಹಿಂದಿನ ದಿನ ತಾನೇ ಅವನು ಕ್ಷೌರದಂಗಡಿಯಲ್ಲಿ ಕೂತು, "ಟೇಪು ಸಿಕ್ಕಿದೆ, ಇನ್ನು ಸತ್ಯ ಹೊರಗೆ ಬರುತ್ತೆ," ಎಂದು ಎಲ್ಲರಿಗೂ ಹೇಳಿ ಬಂದಿದ್ದ. ಈ ವಯಸ್ಸಿನಲ್ಲಿ ಅವನ ತಲೆ ತಗ್ಗಿಸುವಂಥದ್ದನ್ನು ತಾನು ಹೇಗೆ ಕೇಳಿಸುವುದು? ಕೇಳಿಸದಿದ್ದರೇನು? ಇನ್ನು ಸ್ವಲ್ಪ ದಿನಕ್ಕೆ ಸ್ಪೀಕರಿನ ಸಹವಾಸ ಸಾಕಾಗಿ, ಹಾಗೇ ಹೋಗೋಣ ನಡಿ ಎಂದು ಅವನೇ ಹೇಳಬಹುದು.

ತಂತಿಯ ತುದಿಗಳನ್ನು ನೋಡಿದಳು. ನೂಲಿನ ಬಣ್ಣ ನೋಡಿ ನೋಡಿ ಪಳಗಿದ ಕಣ್ಣು. ಕೆಂಪು ತೂತಿನಲ್ಲಿ ಇನ್ನೂ ಕಪ್ಪು ತಂತಿ ಇತ್ತು, ಕಿತ್ತು ಬಂದ ಕೆಂಪು ತಂತಿಗೆ ಉಳಿದದ್ದು ಕಪ್ಪು ತೂತು. ಇದ್ದದ್ದು ಇದ್ದ ಹಾಗೇ ಸಿಕ್ಕಿಸಿದಳು. ಎರಡೂ ಪೆಟ್ಟಿಗೆ ಒಟ್ಟಿಗೆ ಹಾಡಿದವು, ಟ್ಯೂಬಾ ಮತ್ತೆ ಪಕ್ಕದ ಬೀದಿಗೆ ಹೋಯಿತು. ಅವಳು ಉಳಿದ ಕಸ ಗುಡಿಸಿದಳು.

ಗಂಡ ಸೊಪ್ಪಿನ ಕಟ್ಟು ತಂದು ಕೊಟ್ಟು, "ಏನಾದ್ರೂ ಸುಧಾರಿಸ್ತಾ?" ಎಂದು ಕೇಳಿದ.

"ನನಗೇನು ಗೊತ್ತಾಗುತ್ತೆ ಅದೆಲ್ಲ," ಎಂದಳು.

ಮತ್ತೆ ಫೋನು ಬಂದಾಗ ಹುಡುಗಿ, "ಅಪ್ಪನಿಗೇ ಕೊಡ್ತೀನಿ ಅತ್ತೆ," ಎಂದಳು. ಆ ಕಡೆಯಿಂದ ಬರೀ ಉಸಿರು. ಅಕ್ಕ ಎಂದು ಒಂದು ಪದ ಬಂತು. "ಬರ್ತೀನಿ ಕಣೋ ಪುಟ್ಟ," ಎಂದಳು ರಫೂ ಅಮ್ಮ. "ಮುಂದಿನ ವಾರ ಬಂದೇ ಬರ್ತೀನಿ." ಆ ವಾರ ಬಂತು, ಹೋಯಿತು. ಅವಳು ಅಂಗಿಗಳಿಗೆ ರಫೂ ಹಾಕಿದಳು, ಮೊಟ್ಟೆ ಬೇಯಿಸಿದಳು, ಗಂಡನ ಮುಖ ನೋಡುತ್ತ ದಿನ ತಳ್ಳಿದಳು. ಸೊಸೆ ಒಂದು ಸಂಜೆ ನೇರವಾಗಿ ಕೇಳಿದಳು, "ಅತ್ತೆ, ನಿಮಗೆ ಹೋಗೋ ಮನಸ್ಸೇ ಇಲ್ವಾ?" ಅದಕ್ಕೆ ಅವಳು ಸಿಟ್ಟು ಮಾಡಿಕೊಂಡು ರಾತ್ರಿಯ ಊಟ ಬಿಟ್ಟಳು.

ರಜೆಯ ದಿನ ಮಗನಿಗೆ ತಾಳ್ಮೆ ಕೆಟ್ಟಿತು. "ಇವತ್ತು ಇದನ್ನ ಬಿಚ್ಚಿ ನೋಡ್ತೀನಿ, ಇಲ್ಲ ಅಂದ್ರೆ ಅಂಗಡಿಗೆ ವಾಪಸ್ಸು," ಎಂದು ಸ್ಪೀಕರಿನ ಹಿಂದೆ ತೂರಿದ. ರಫೂ ಅಮ್ಮ ಅಡುಗೆಮನೆಯಿಂದ, "ಇವತ್ತು ಬೇಡ ಬಿಡೋ, ಊಟದ ಹೊತ್ತು," ಎಂದಳು. ಅವನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನಗುತ್ತ ಹೊರಗೆ ಬಂದ.

"ಅಪ್ಪ, ಒಂದು ಪೆಟ್ಟಿಗೇಲಿ ಕೆಂಪಿಗೆ ಕಪ್ಪು ಹಾಕಿದ್ದೀರಿ. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಗಾಳಿ ತಳ್ಳುವಾಗ ಇನ್ನೊಂದು ಒಳಗೆಳೀತಿದೆ, ಬೇಸ್ ಅಲ್ಲೇ ಸಾಯ್ತಿದೆ. ಮೊದಲ ದಿನವೇ ನನಗೆ ಬಿಟ್ಟಿದ್ರೆ ಇಷ್ಟು ಹೊತ್ತಿಗೆ ಮಾವನ್ನ ನೋಡ್ಕೊಂಡು ಬಂದಿರ್ತಿದ್ರಿ."

"ಬಾಯಿ ಮುಚ್ಕೊಂಡು ಹಾಕು," ಎಂದ ತಾತ. ಆದರೆ ಅವನ ಮುಖ ಅರಳಿತ್ತು. ಕುರ್ಚಿ ಎಳೆದುಕೊಂಡು ಪೆಟ್ಟಿಗೆಗಳ ಎದುರು ನೆಟ್ಟಗೆ ಕೂತ, ಮಡಿಲಲ್ಲಿ ವಾದ್ಯವಿದ್ದವನ ಹಾಗೆ ಕೈ ಬಳಸಿಕೊಂಡು. "ಇವಳೇ, ಬಾ ಇಲ್ಲಿ. ನೀನೂ ಕೇಳು."

ಮಗ ತಂತಿ ಅದಲುಬದಲು ಮಾಡಿ ಟೇಪು ಹಚ್ಚಿದ. ರಫೂ ಅಮ್ಮ ಬಾಗಿಲಲ್ಲೇ ನಿಂತಳು. ಟ್ಯೂಬಾ ಬಂತು. ಮನೆಯ ನೆಲ, ಕಿಟಕಿ, ಹೊಟ್ಟೆ ಎಲ್ಲವನ್ನೂ ತುಂಬಿಕೊಂಡು ಬಂತು. ಸೊಸೆ ಕೂಡ, "ಅಬ್ಬ, ಇಷ್ಟು ಚೆನ್ನಾಗಿ ಊದ್ತಿದ್ರಾ ಮಾವ," ಎಂದಳು. ತಾತ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ. ಎಲ್ಲ ವಾದ್ಯ ನಿಂತವು. ಟ್ಯೂಬಾ ಬಂತು, ಡ್ರಮ್ಮು ಓಡಿತು.

ಅವನ ತಲೆ ನಿಂತಿತು.

"ಇನ್ನೊಂದ್ಸಲ ಹಾಕು."

ಮಗ ಹಾಕಿದ. ವಾದನ ಮುಗಿಯಿತು. ತಾತ ಬಳಸಿಕೊಂಡಿದ್ದ ಕೈಗಳನ್ನು ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡ.

"ನಾನೇ," ಎಂದ. "ಅವನು ಹೇಳಿದ್ದು ಸರಿ. ನಾನೇ ಮುಂಚೆ ಬಂದಿದ್ದೀನಿ." ಆಮೇಲೆ ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವನು ನೋಡಿಯೇ ನೋಡಿದ. "ನಿನಗೆ ಗೊತ್ತಿತ್ತಾ?"

"ಹದಿನೈದು ದಿನದ ಹಿಂದೆ ಗೊತ್ತಾಯ್ತು. ಗುಡಿಸುವಾಗ ಒಂದು ತಂತಿ ಬಿಟ್ಹೋಯ್ತು, ಕೇಳಿಸ್ತು."

"ಹೇಳ್ಲಿಲ್ವಲ್ಲೇ."

"ಹೇಗೆ ಹೇಳ್ಲಿ ನಿಮಗೆ?"

ಅವನು ಎದ್ದು ಅಂಗಿ ಹಾಕಿಕೊಂಡ. ಗುಂಡಿಗಳು ತಪ್ಪಿ ಒಂದರ ಜಾಗಕ್ಕೆ ಇನ್ನೊಂದು ಹೋದವು, ಅವಳೇ ಸರಿಮಾಡಿದಳು. ಒಲೆಯ ಮೇಲಿದ್ದದ್ದನ್ನು ಸೊಸೆಗೆ ಒಪ್ಪಿಸಿ ಇಬ್ಬರೂ ಬಸ್ಸು ಹತ್ತಿದರು. ಟೇಪನ್ನು ತೆಗೆದುಕೊಂಡು ಹೋಗುವ ಮಾತು ಯಾರೂ ಎತ್ತಲಿಲ್ಲ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ. ಕಿರಿದಾದ ಮೆಟ್ಟಿಲು. ಬಾಗಿಲು ತೆಗೆದ ಹುಡುಗಿಗೆ ಅವಳ ಅಪ್ಪನ ಹಣೆ, ಅಪ್ಪನ ಹುಬ್ಬು. ರಫೂ ಅಮ್ಮನಿಗೆ ಹೊಸಿಲಲ್ಲೇ ದುಃಖ ಉಕ್ಕಿತು. ಒಳಗೆ ಮಂಚದ ಮೇಲೆ, ಮೂಗಿಗೆ ನಳಿಕೆ ಹಾಕಿಸಿಕೊಂಡು, ದಿಂಬಿಗೊರಗಿ ಕೂತಿದ್ದವನು ಅವಳ ತಮ್ಮ. ತೋಳು ಕಡ್ಡಿಯಾಗಿತ್ತು. ಕೂದಲೆಲ್ಲ ಹೋಗಿತ್ತು.

"ಭಾವ ದಪ್ಪ ಆಗಿದ್ದಾರೆ," ಎಂದ ಅವನು ಮೊದಲು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು.

ತಾತ ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದ ಮಾತನ್ನು ನಿಂತುಕೊಂಡೇ ಹೇಳಿದ. "ಟೇಪು ಕೇಳ್ದೆ ಕಣೋ. ನಾನೇ ಒಂದು ಏಟು ಮುಂಚೆ ಬಂದಿದ್ದೆ. ನೀನು ನನ್ನನ್ನ ಹಿಡಿಯೋಕೆ ಓಡಿದ್ದೆ. ನನ್ನಿಂದ ನೀನು ಬ್ಯಾಂಡು ಬಿಟ್ಟೆ, ಹೊಗೆ ಕುಡಿದೆ. ನಂದೇ ತಪ್ಪು."

ತಮ್ಮ ಕೈ ಅಲ್ಲಾಡಿಸಿದ. "ಅದಾ. ಅದು ಆವತ್ತೇ ಗೊತ್ತಿತ್ತಲ್ಲ ಭಾವ. ಬ್ಯಾಂಡಿನವರಿಗೆಲ್ಲ ಗೊತ್ತಿತ್ತು. ತಪ್ಪು ಯಾರಿಗೆ ಆಗಲ್ಲ. ಕೂತ್ಕೊಳ್ಳಿ." ಉಸಿರು ಎಳೆದುಕೊಂಡ. "ನಿಮ್ಮ ಕೋಪ ನನಗೆ ಗೊತ್ತಿಲ್ವಾ. ನೀವು ಬರ್ತೀರಿ ಅಂತ ನಾನು ಯಾವತ್ತೂ ಕಾದಿರ್ಲಿಲ್ಲ."

ಆಮೇಲೆ ಅವನು ಮೆಲ್ಲಗೆ ಕತ್ತು ತಿರುಗಿಸಿದ.

"ನೀನ್ಯಾಕೆ ಬರ್ಲಿಲ್ಲ ಅಕ್ಕ?"

ಅವರು ಬಿಡಲಿಲ್ಲ ಎಂಬ ಉತ್ತರ ಅವಳ ಹತ್ತಿರ ಯಾವಾಗಲೂ ಸಿದ್ಧವಿತ್ತು. ಬೀದಿಯವರಿಗೆ ಅದನ್ನೇ ಹೇಳಿದ್ದಳು, ತನಗೂ ಅದನ್ನೇ ಹೇಳಿಕೊಂಡಿದ್ದಳು. ಆದರೆ ಹದಿನೈದು ದಿನದ ಹಿಂದೆ, ಟ್ಯೂಬಾ ಕೇಳಿಸಿದ ಬೆಳಗ್ಗೆ, ಅವಳನ್ನು ಯಾರೂ ತಡೆದಿರಲಿಲ್ಲ. ಅವಳೇ ಬಗ್ಗಿ, ತನ್ನ ಕೈಯಿಂದಲೇ, ತಂತಿಯನ್ನು ಮತ್ತೆ ತಪ್ಪಾಗಿ ಸಿಕ್ಕಿಸಿದ್ದಳು. ಮಂಚದ ಕಾಲಬಳಿ ಕೂತು ಅವನ ಪಾದ ಹಿಡಿದಳು.

"ನಾನೇ ಬಿಟ್ಟಿರ್ಲಿಲ್ಲ ಕಣೋ," ಎಂದ ತಾತ ಅವಸರದಿಂದ.

"ನಾನು ಅಕ್ಕನ್ನ ಕೇಳ್ದೆ ಭಾವ."

ಅವನು ಕಾದ. ಚಿಕ್ಕವನಿದ್ದಾಗ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದವನ ಹಾಗೇ, ಕಣ್ಣು ಅವಳ ಮೇಲೆ ನೆಟ್ಟು ಕಾದ. ರಫೂ ಅಮ್ಮ ಅವನ ಪಾದ ಹಿಡಿದುಕೊಂಡು ಅಳುತ್ತಲೇ ಇದ್ದಳು. ಕೊನೆಗೆ ಅವನು ಪಾದವನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡು ಮಗಳನ್ನು ಕರೆದ.

"ಅತ್ತೆಗೆ ಚಹಾ ಕೊಡಮ್ಮ," ಎಂದ. "ದೂರದಿಂದ ಬಂದಿದ್ದಾರೆ."